ಒಂದೇ ಒಲೆ, ಮೂರು ಹೊತ್ತು: ಕೊಡಗಿನ ಲೈನ್ ಮನೆ ಊಟ ಮಾಡೋದು ಹೇಗೆ, ಮೊದಲಿಂದ ಕೊನೆವರೆಗೆ

ಈಗ ಹೋಂಸ್ಟೇ ಮೆನು ನೋಡಿದ್ರೆ ಕಣಿಲೆ (ಎಳೆ ಬಿದಿರು) ಉಂಟು, ತೆರ್ಮೆ ಸೊಪ್ಪು (ಕಾಡು ಜರಿಗಿಡದ ಚಿಗುರು) ಉಂಟು, ಹಲಸಿನ ಬೀಜದ ಸಾರು ಉಂಟು, ಒಂದೊಂದಕ್ಕೂ ಬೇರೆ ಬೇರೆ ರೇಟು. ಯೂಟ್ಯೂಬಲ್ಲೂ ಹಾಗೇ, ಒಂದು ವಿಡಿಯೋಗೆ ಒಂದು ಐಟಂ. ನೋಡೋಕೆ ಚೆನ್ನಾಗೇ ಇರ್ತದೆ, ಆದ್ರೆ ಅದನ್ನ ನೋಡ್ಕೊಂಡು ಒಬ್ರು ಒಂದು ಸಲ ಎಲ್ಲ ಸಾಮಾನು ಬಿಡಿಬಿಡಿಯಾಗಿ ಅಂಗಡಿಲಿ ತಗೊಂಡು ಮಾಡೋಕೆ ಹೊರಟ್ರೆ ಗೋಣಿಕೊಪ್ಪಲಲ್ಲಿ ಒಳ್ಳೆ ಹೋಟೆಲಲ್ಲಿ ಫ್ಯಾಮಿಲಿ ಸಮೇತ ಊಟ ಮಾಡಿದ್ದಕ್ಕಿಂತ ಜಾಸ್ತಿ ದುಡ್ಡು ಹೋಗ್ತದೆ. ಯಾಕಂದ್ರೆ ಬಡವರ ಅಡುಗೆ ಐಟಂ ಲೆಕ್ಕದಲ್ಲಿ ಇರ್ಲೇ ಇಲ್ಲ. ಸಂಜೆ ಒಲೆ ಒಂದು ಸಲ ಹೊತ್ತಿಸಿದ್ರೆ ಮಾರನೇ ದಿನ ಬೆಳಗ್ಗೆವರೆಗೆ ಆ ಬೆಂಕಿ, ಆ ಅನ್ನ, ಆ ನೀರು ಯಾವ್ದೂ ಸುಮ್ನೆ ಹೋಗ್ಬಾರ್ದು, ಅಷ್ಟೇ ಅದರ ಪೂರ್ತಿ ಪಾಕಶಾಸ್ತ್ರ. ಅದಕ್ಕೆ ಇಲ್ಲಿ ನಾನು ಒಂದು ಅಡುಗೆ ಹೇಳ್ಕೊಡ್ತಿಲ್ಲ, ಒಂದು ಸಂಜೆಯಿಂದ ಮರುದಿನ ಬೆಳಗ್ಗೆವರೆಗೆ ಯಾವ್ದರ ಹಿಂದೆ ಯಾವ್ದು ಅಂತ ಆ ಕ್ರಮ ಹೇಳ್ತೀನಿ, ಐದು ಜನರ ಮನೆಗೆ.

ನಮ್ಮ ಮನೆ ಸಿದ್ದಾಪುರ ಕಡೆ ಒಂದು ಕಾಫಿ ತೋಟದ ಲೈನಲ್ಲಿ, ಅಂದ್ರೆ ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇತ್ತು. ಅಪ್ಪ ಅವ್ವ ಪಿರಿಯಾಪಟ್ಟಣ ಕಡೆಯಿಂದ ಕೆಲಸಕ್ಕೆ ಬಂದವರು, ಪಕ್ಕದ ಮನೆಯವರು ಮಲಯಾಳಿ, ಆಚೆ ಕಡೆ ಕೊಡಗಿನ ಬುಡಕಟ್ಟಿನ ಎರವರು, ಹಾಗಾಗಿ ನಮ್ಮ ಒಲೆ ಮೇಲೆ ಬಸ್ಸಾರೂ ಬೇಯ್ತಿತ್ತು, ಅಕ್ಕಿ ಒಟ್ಟಿನೂ (ಕೊಡಗಿನ ಅಕ್ಕಿ ರೊಟ್ಟಿ) ಬೇಯ್ತಿತ್ತು. ಇದು ಕೊಡವರ ಮನೆ ಅಡುಗೆ ಅಂತ ನಾನು ಹೇಳೋದಿಲ್ಲ, ಲೈನ್ ಮನೆ ಅಡುಗೆ, ಎಲ್ಲರಿಂದ ಒಂದೊಂದು ಕಲ್ತಿದ್ದು.

ಮೊದಲು ಅಕ್ಕಿ ಲೆಕ್ಕ

ಐದು ಜನಕ್ಕೆ ಸಂಜೆಗೆ 750 ಗ್ರಾಂ ಅಕ್ಕಿ ಇಡಿ. ಬೆಂದ ಮೇಲೆ ಅದು ಹತ್ರ ಹತ್ರ 2 ಕೆಜಿ ಅನ್ನ ಆಗ್ತದೆ. ಇದ್ರಲ್ಲಿ ಕಾಲು ಭಾಗ, ಅಂದ್ರೆ ಒಂದು ಅರ್ಧ ಕೆಜಿ ಅನ್ನ, ಬಡಿಸೋಕೆ ಮುಂಚೆನೇ ತೆಗ್ದು ಬೇರೆ ಪಾತ್ರೆಲಿ ಮುಚ್ಚಿಡ್ಬೇಕು. ಊಟ ಆದ್ಮೇಲೆ ಉಳಿದಿದ್ದನ್ನ ಇಡೋಣ ಅಂದ್ಕೊಂಡ್ರೆ ಉಳಿಯೋದಿಲ್ಲ, ಮಕ್ಕಳಿರೋ ಮನೆಲಿ ಯಾವತ್ತೂ ಉಳಿಯೋದಿಲ್ಲ. ಅವ್ವ ಆ ಪಾತ್ರೆನ ಅಟ್ಟದ ಮೇಲೆ ಇಡ್ತಿದ್ಳು, ನಾವು ಕೈಗೆ ಸಿಗೋ ಹಾಗೆ ಅಲ್ಲ.

ಅಕ್ಕಿ ಯಾವ್ದು ಅಂದ್ರೆ ರೇಷನ್ ಅಕ್ಕಿನೇ ಸಾಕು. 2013ರಲ್ಲಿ ಅನ್ನಭಾಗ್ಯ ಬಂದಾಗ ಬಿಪಿಎಲ್ ಕಾರ್ಡಿಗೆ ಕೆಜಿಗೆ 1 ರೂಪಾಯಿ ಲೆಕ್ಕದಲ್ಲಿ ಅಕ್ಕಿ ಕೊಡೋಕೆ ಶುರು ಮಾಡಿದ್ರಲ್ಲ, ಅದನ್ನ ಸೋಮಾರಿಗಳಿಗೆ ಅಂತ ಬೈಯೋರು ನಮ್ಮ ಕಡೆನೂ ಇದ್ರು, ಮಳೆಗಾಲದಲ್ಲಿ ಅಂಗಡಿಲಿ ಬರೆಸಿ ಅಕ್ಕಿ ತಂದು ಗೊತ್ತಿಲ್ಲದವರು ಹಾಗೆ ಮಾತಾಡ್ತಾರೆ. ಜೂನ್ ಜುಲೈ ಮಳೆ ಜೋರಾದ್ರೆ ತೋಟದಲ್ಲಿ ಎಷ್ಟೋ ದಿನ ಕೆಲಸ ನಿಲ್ತದೆ, ಕೆಲಸ ಇಲ್ದಿದ್ರೆ ಬಟವಾಡೆ ದಿನ ಕೈಗೆ ಏನು ಬರ್ತದೆ ಹೇಳಿ. ಆಗ ನಮ್ಮನೇಲಿ ಅಕ್ಕಿ ಬದಲು ನುಚ್ಚಕ್ಕಿ, ಮಿಲ್ಲಲ್ಲಿ ಕಮ್ಮಿ ರೇಟಿಗೆ ಸಿಗ್ತಿತ್ತು. ನುಚ್ಚಕ್ಕಿ ಆದ್ರೆ ಅನ್ನ ಮಾಡ್ಬೇಡಿ, ಮುದ್ದೆ ಆಗ್ತದೆ, ಗಂಜಿನೇ ಮಾಡಿ: 1 ಲೋಟ ನುಚ್ಚಿಗೆ 8 ಲೋಟ ನೀರು, ಸಣ್ಣ ಉರಿಲಿ ಅರ್ಧ ಗಂಟೆ, ಉಪ್ಪು ಕೊನೆಗೆ. ತಳ ಹಿಡಿಯೋದು ಬೇಗ, ಪಕ್ಕದಲ್ಲೇ ನಿಂತು ಕೈಯಾಡಿಸ್ತಾ ಇರಿ.

ಸಂಜೆ ಬೆಂಕಿ, ಯಾವ್ದು ಮೊದಲು ಯಾವ್ದು ಆಮೇಲೆ

ಒಲೆ ಉರಿ ಮೂರು ಥರ ಇರ್ತದೆ. ಶುರುಲಿ ಜೋರು ಉರಿ, ಆಮೇಲೆ ಹದ ಉರಿ, ಕೊನೆಗೆ ಬರೀ ಕೆಂಡ. ಸೌದೆ ಅಂದ್ರೆ ನಮಗೆ ಕಸಿ ಮಾಡಿದ, ಅಂದ್ರೆ ಗಿಡ ಸವರುವಾಗ ಕತ್ತರಿಸಿ ಹಾಕಿದ, ಕಾಫಿ ಕಡ್ಡಿ, ಸಿಲ್ವರ್ ಓಕ್ ಕೊಂಬೆ, ಅವ್ವ ಕೆಲಸ ಬಿಟ್ಟು ಬರುವಾಗ ತಲೆ ಮೇಲೆ ಒಂದು ಹೊರೆ ತರ್ತಿದ್ಳು. ಕಾಫಿ ಕಡ್ಡಿ ಗಟ್ಟಿ, ಕೆಂಡ ಜಾಸ್ತಿ ಹೊತ್ತು ನಿಲ್ತದೆ. ಸಿಲ್ವರ್ ಓಕ್ ಬೇಗ ಹತ್ಕೊಂಡು ಬೇಗ ಆರ್ತದೆ, ಹೊತ್ತಿಸೋಕೆ ಮಾತ್ರ ಲಾಯಕ್ಕು. ಗ್ಯಾಸ್ ಒಲೆಯವರಿಗೂ ಈ ಕ್ರಮ ಉಪಯೋಗಕ್ಕೆ ಬರ್ತದೆ, ಕೆಂಡದ ಕೆಲಸಗಳಿಗೆ ಮಾತ್ರ ದಪ್ಪ ಕಬ್ಬಿಣದ ಕಾವಲಿ ಬಳಸಿ.

ಜೋರು ಉರಿಗೆ ಅನ್ನ. ಕುಕ್ಕರ್ ಬೇಡ, ಬಾಯಿ ಅಗಲ ಇರೋ ಪಾತ್ರೆಲಿ ಅಕ್ಕಿಗೆ ಐದಾರು ಪಟ್ಟು ನೀರು ಕುದಿಸಿ, ತೊಳೆದ ಅಕ್ಕಿ ಹಾಕಿ, ಅಗುಳು ಬೆರಳಲ್ಲಿ ಹಿಸುಕಿದ್ರೆ ಒಳಗೆ ಗಟ್ಟಿ ಇಲ್ದೆ ಬೆಂದ ಮೇಲೆ ಬಸೀರಿ. ಬಸಿದ ತಿಳಿ ಚೆಲ್ಲೋ ಹಾಗಿಲ್ಲ! ಅದ್ರಲ್ಲಿ ಎರಡು ಲೋಟ ತೆಗ್ದು, ಚೂರು ಉಪ್ಪು ಹಾಕಿ ಚಿಕ್ಕ ಮಕ್ಕಳಿಗೆ ಆವಾಗಲೇ ಕುಡ್ಸಿ, ಊಟಕ್ಕೆ ಇನ್ನೂ ಒಂದು ಗಂಟೆ ಇರ್ತದಲ್ಲ, ಅಷ್ಟು ಹೊತ್ತು ಅವು ಕಾಲು ಸುತ್ತ ಸುತ್ಕೊಂಡು ಅಳೋದು ನಿಲ್ತದೆ. ಉಳಿದ ತಿಳಿ ಸಾರಿಗೆ ಹೋಗ್ತದೆ, ತೆಂಗಿನಕಾಯಿ ಇಲ್ದಿದ್ರೂ ಸಾರು ನೀರುನೀರಾಗದೆ ಮೈ ಕಟ್ಕೊಳ್ತದೆ. ತೆಂಗಿನಕಾಯಿ ನಮ್ಮ ಕಡೆ ಯಾವಾಗಲೂ ದುಬಾರಿನೇ, ಒಂದು ಕಾಯಿನ ನಾಲ್ಕು ದಿನ ಎಳೀತಿದ್ರು.

ಹದ ಉರಿಗೆ ಸಾರು. ನಮ್ಮನೇಲಿ ವಾರದಲ್ಲಿ ಜಾಸ್ತಿ ದಿನ ಬಸ್ಸಾರು, ಯಾಕಂದ್ರೆ ಒಂದೇ ಪಾತ್ರೆಲಿ ಸಾರೂ ಆಗ್ತದೆ ಪಲ್ಯನೂ ಆಗ್ತದೆ. ಹುರುಳಿ ಊರಿಂದ ಅಜ್ಜಿ ಕಳಿಸ್ತಿತ್ತು. ಐದು ಜನಕ್ಕೆ 150 ಗ್ರಾಂ ಹುರುಳಿ, ಬೆಳಗ್ಗೆನೇ ನೆನೆ ಹಾಕಿಟ್ಟು ಹೋಗಿ, ಸೌದೆ ಅರ್ಧ ಉಳೀತದೆ. ಸಂಜೆ ಒಂದೂವರೆ ಲೀಟರ್ ನೀರಲ್ಲಿ ಬೇಯ್ಸಿ, ಕಾಳು ಮೆತ್ತಗಾಗ್ತಾ ಬಂದಾಗ ಹೆಚ್ಚಿದ ಸೊಪ್ಪು ಹಾಕಿ, ಯಾವ ಸೊಪ್ಪಾದ್ರೂ ಸರಿ, ಗಣಿಕೆ, ದಂಟು, ಕುಂಬಳದ ಚಿಗುರು, ಅಗಸೆ. ಸೊಪ್ಪು ಬೆಂದ ಕೂಡ್ಲೇ ಬಸೀರಿ. ಕಟ್ಟು ಒಂದು ಕಡೆ, ಕಾಳು ಸೊಪ್ಪು ಒಂದು ಕಡೆ.

ಮಸಾಲೆಗೆ ಎಣ್ಣೆ ಬೇಡ. ಇಷ್ಟರಲ್ಲಿ ಒಲೆ ಬಾಯಲ್ಲಿ ಸ್ವಲ್ಪ ಕೆಂಡ ಬಂದಿರ್ತದೆ, ಅದ್ರಲ್ಲಿ ಸಿಪ್ಪೆ ಸಮೇತ ಒಂದು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ ಸುಟ್ಕೊಳ್ಳಿ, ಮೇಲೆ ಕಪ್ಪಾಗಿ ಒಳಗೆ ಮೆತ್ತಗಾಗ್ಬೇಕು. ಐದಾರು ಒಣಮೆಣಸಿನಕಾಯಿ ಬಿಸಿ ಮಾಡ್ಕೊಳ್ಳಿ, ಸ್ವಲ್ಪ ಜೀರಿಗೆ, ಏಳೆಂಟು ಕಾಳುಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆ, ಬೆಂದ ಕಾಳಲ್ಲೇ ಒಂದು ಹಿಡಿ, ಎಲ್ಲ ಸೇರಿಸಿ ರುಬ್ಬಿ. ಕಾಯಿ ಇದ್ರೆ ಒಂದು ಚೂರು. ರುಬ್ಬಿದ್ದನ್ನ ಕಟ್ಟಿಗೆ ಮತ್ತು ಎತ್ತಿಟ್ಟ ಗಂಜಿ ತಿಳಿಗೆ ಸೇರಿಸಿ ಒಂದು ಕುದಿ ಬರ್ಸಿ. ಉಳಿದ ಕಾಳು ಸೊಪ್ಪಿಗೆ ಎರಡು ಚಮಚ ಎಣ್ಣೆಲಿ ಸಾಸಿವೆ, ಒಂದು ಮೆಣಸಿನಕಾಯಿ ಒಗ್ಗರಣೆ. ಇಡೀ ದಿನದ ಎಣ್ಣೆ ಅಷ್ಟೇ. ಮಾರನೇ ದಿನ ಬಸ್ಸಾರು ಇನ್ನೂ ರುಚಿ ಆಗ್ತದೆ ಅನ್ನೋದು ಎಲ್ಲರಿಗೂ ಗೊತ್ತು, ಹಾಗಾಗಿ ಎರಡು ಲೋಟ ಸಾರು ಬೆಳಗ್ಗೆಗೆ ಅಂತ ಎತ್ತಿಡಿ.

ಕೆಂಡಕ್ಕೆ ಒಣಮೀನು. ಮಂಗಳೂರು ಕಡೆಯಿಂದ, ತಲಶೇರಿ ಕಡೆಯಿಂದ ಘಟ್ಟ ಹತ್ತಿ ಬರೋ ಒಣಮೀನು ಸಂತೆಲಿ ಸಿಗ್ತದೆ, ಮಡಿಕೇರಿಲಿ ಶುಕ್ರವಾರ ಸಂತೆ. ಐದು ಜನಕ್ಕೆ ಅಂಗೈ ಅಗಲ ಎರಡು ತುಂಡು ಸಾಕು, ಹಾಗೇ ಹಂಚಿದ್ರೆ ಒಬ್ಬೊಬ್ಬರಿಗೆ ಒಂದು ತುತ್ತಿಗೂ ಬರೋದಿಲ್ಲ, ಅದಕ್ಕೆ ಚಟ್ನಿ ಮಾಡ್ಬೇಕು. ಮೀನು ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿ ತೊಳೆದು ಉಪ್ಪು ಬಿಡ್ಸಿ, ಒರೆಸಿ, ಕೆಂಡದ ಮೇಲೆ ಎರಡೂ ಕಡೆ ಸುಡಿ. ಮುಳ್ಳು ತೆಗೆದು ಪುಡಿ ಮಾಡಿ. ಸುಟ್ಟ ಒಣಮೆಣಸು, ಎರಡು ಎಸಳು ಬೆಳ್ಳುಳ್ಳಿ, ಚೂರು ಹುಣಸೆ, ಒಂದು ಹಿಡಿ ಕಾಯಿತುರಿ ಕುಟ್ಟಿ ಅದಕ್ಕೆ ಮೀನು ಸೇರಿಸಿ ಇನ್ನೊಂದು ಸಲ ಕುಟ್ಟಿ. ಉಪ್ಪು ಹಾಕ್ಬೇಡಿ, ರುಚಿ ನೋಡಿ ಆಮೇಲೆ ಬೇಕಾದ್ರೆ ನೋಡೋಣ. ಕಾಯಿ ಇಲ್ದಿದ್ರೆ ಸುಟ್ಟ ಹಲಸಿನ ಬೀಜ ಎರಡು ಹಾಕಿ ಕುಟ್ಟಿ, ನಾನಂತೂ ಕಾಯಿಗಿಂತ ಇದೇ ಮೇಲು ಅಂತೀನಿ.

ಕೊನೆಗೆ ಬೂದಿ. ಅನ್ನ ಸಾರು ಇಳಿಸಿದ ಮೇಲೆ ಬಿಸಿ ಬೂದಿ ಒಳಗೆ ಗೆಣಸೋ ಹಲಸಿನ ಬೀಜವೋ ಹೂತುಬಿಟ್ರೆ ಊಟ ಆಗಿ ಪಾತ್ರೆ ತೊಳೆಯೋ ಹೊತ್ತಿಗೆ ಬೆಂದಿರ್ತದೆ. ಬೀಜದ ತುದಿ ಚೂರು ಕತ್ತರಿಸಿಯೇ ಹೂಳಿ, ಇಲ್ದಿದ್ರೆ ಸಿಡೀತದೆ, ಕಣ್ಣಿಗೆ ಬೂದಿ. ಶಾಲೆಗೆ ಜೇಬಲ್ಲಿ ಹಾಕ್ಕೊಂಡು ಹೋಗೋಕೆ ಇದೇ. ನಮ್ಮ ಕಾಲಕ್ಕೆ ಶಾಲೆಲಿ ಊಟ ಇರ್ಲಿಲ್ಲ, ಬಿಸಿಯೂಟ ನಮ್ಮ ಕಡೆ ಬಂದಿದ್ದು 2003ರ ಹೊತ್ತಿಗೆ, ನಾನು ಆಗ ಶಾಲೆ ಮುಗಿಸಿ ಆಗಿತ್ತು.

ಬೆಳಗ್ಗೆ: ಒಟ್ಟಿ

ಮುಚ್ಚಿಟ್ಟ ಅರ್ಧ ಕೆಜಿ ಅನ್ನ ಈಗ ಹೊರಗೆ ಬರ್ತದೆ. ಅದಕ್ಕೆ ರಾತ್ರಿ ಊಟ ಆದ ಕೂಡ್ಲೇ, ಅನ್ನ ಆರಿದ ಮೇಲೆ, ಮುಳುಗೋ ಅಷ್ಟು ಕುದಿಸಿ ಆರಿಸಿದ ನೀರು ಹಾಕಿಟ್ಟಿರ್ಬೇಕು. ಬೆಳಗ್ಗೆ ನೀರು ಬಸಿದು, ಆ ನೀರಿಗೆ ಉಪ್ಪು, ಜಜ್ಜಿದ ಸಣ್ಣ ಈರುಳ್ಳಿ, ಒಂದು ಗಾಂಧಾರಿ ಮೆಣಸು ಹಾಕಿ ಕೆಲಸಕ್ಕೆ ಹೋಗೋರು ಕುಡೀತಾರೆ. ಬೇಸಿಗೆಲಿ ಅನ್ನ ಕೆಟ್ಟ ವಾಸನೆ ಬಂದ್ರೆ, ನೂಲು ನೂಲು ಎಳೆ ಬಂದ್ರೆ, ಎಷ್ಟೇ ಹೊಟ್ಟೆ ಉರಿದ್ರೂ ಬಿಸಾಕಿ. ಇವತ್ತು ಫ್ರಿಜ್ ಇರೋರು ನೀರು ಹಾಕದೆ ಫ್ರಿಜ್ಜಲ್ಲೇ ಇಡಿ, ಒಟ್ಟಿಗೆ ಅಷ್ಟೇ ಸಾಕು.

ಅನ್ನನ ಸ್ವಲ್ಪ ನೀರು ಚಿಮುಕಿಸಿ ಚೆನ್ನಾಗಿ ಬಿಸಿ ಮಾಡಿ, ಹಬೆ ಬರ್ಬೇಕು. ಬಿಸಿ ಇರುವಾಗಲೇ ಮರದ ಸೌಟಲ್ಲಿ ನುಣ್ಣಗೆ ಮಸೀರಿ, ಒಂದು ಅಗುಳೂ ಉಳೀಬಾರ್ದು, ಉಳಿದ್ರೆ ತಟ್ಟುವಾಗ ಅಲ್ಲಿಂದಲೇ ಹರೀತದೆ. ಉಪ್ಪು ಹಾಕಿ, ಅಕ್ಕಿ ಹಿಟ್ಟು ಸ್ವಲ್ಪ ಸ್ವಲ್ಪನೇ ಸೇರಿಸ್ತಾ ನಾದಿ. ಅನ್ನದಷ್ಟೇ ಹಿಟ್ಟು ಅಂತ ಅಂದಾಜು, ಆದ್ರೆ ಅನ್ನ ಎಷ್ಟು ನೀರು ಕುಡ್ದಿದೆ ಅನ್ನೋದರ ಮೇಲೆ ಹೋಗ್ತದೆ, ಕೈಗೆ ಅಂಟೋದು ನಿಂತಾಗ ಹಿಟ್ಟು ಹಾಕೋದು ನಿಲ್ಲಿಸಿ. ಜಾಸ್ತಿ ಹಿಟ್ಟಾದ್ರೆ ಒಟ್ಟಿ ಆರಿದ ಮೇಲೆ ಹಪ್ಪಳ. ನಿಂಬೆಗಿಂತ ದೊಡ್ಡ ಉಂಡೆ ಮಾಡಿ, ಬಾಳೆಲೆ ಮೇಲೆ ಒಣ ಹಿಟ್ಟು ಉದುರಿಸಿ ತೆಳ್ಳಗೆ ತಟ್ಟಿ. ಬಿಸಿ ಕಾವಲಿಲಿ ಎಣ್ಣೆ ಇಲ್ದೆ ಎರಡೂ ಕಡೆ ಅರೆಬೇಯ್ಸಿ, ಆಮೇಲೆ ಕಾವಲಿ ಪಕ್ಕಕ್ಕೆ ಸರಿಸಿ ಕೆಂಡಕ್ಕೆ ನೇರ ಒರಗಿಸಿ ನಿಲ್ಲಿಸಿ, ಉಬ್ತದೆ. ಉಬ್ಬಿದ್ರೆ ಒಳಗೂ ಬೆಂದಿದೆ ಅಂತ ಅರ್ಥ. ಗ್ಯಾಸ್ ಆದ್ರೆ ಜಾಲರಿ ಇಟ್ಟು ಸಣ್ಣ ಉರಿಲಿ. ಈ ಅಳತೆಗೆ ಹನ್ನೆರಡು ಒಟ್ಟಿ ಹತ್ರ ಬರ್ತದೆ, ಎತ್ತಿಟ್ಟ ಬಸ್ಸಾರು ನೆಂಚಿಕೊಳ್ಳೋಕೆ.

ಹಿಟ್ಟು ಪ್ಯಾಕೆಟ್ ತರ್ಬೇಡಿ ಅಂತ ನನ್ನ ಸಲಹೆ. ಅಕ್ಕಿ ತೊಳೆದು ಬಟ್ಟೆ ಮೇಲೆ ಆರಿಸಿ, ಇನ್ನೂ ಚೂರು ಪಸೆ ಇರುವಾಗಲೇ ಮಿಕ್ಸಿಗೆ ಹಾಕಿ ತಿರುಗಿಸಿ ಜರಡಿ ಹಿಡೀರಿ. ಕೆಳಗೆ ಬಿದ್ದಿದ್ದು ಒಟ್ಟಿಗೆ ಹಿಟ್ಟು, ಮೇಲೆ ಉಳಿದಿದ್ದು ಕಡಂಬುಟ್ಟಿಗೆ (ಹಬೆಲಿ ಬೇಯ್ಸೋ ಅಕ್ಕಿ ತರಿ ಉಂಡೆ) ತರಿ. ಹಸಿ ಅಲ್ವಾ, ಹಿಟ್ಟು ಆವತ್ತೇ ಖರ್ಚು ಮಾಡಿ, ತರಿನ ಬಿಸಿಲಿಗೋ ಒಲೆ ಹತ್ರವೋ ಚೆನ್ನಾಗಿ ಒಣಗಿಸಿಟ್ರೆ ಭಾನುವಾರಕ್ಕೆ ಆಗ್ತದೆ. ಕಡಂಬುಟ್ಟು ಅಂದ್ರೆ ಪಂದಿ ಕರಿ (ಹಂದಿ ಸಾರು) ಅಂತ ಎಲ್ಲರೂ ಹೇಳ್ತಾರೆ, ನಮಗೆ ಕುಂಬಳಕಾಯಿ ಸಾರು ಜೊತೆ ಕಡಂಬುಟ್ಟು. 1 ಲೋಟ ತರಿಗೆ 2 ಲೋಟ ನೀರು ಉಪ್ಪು ಹಾಕಿ ಕುದಿಸಿ, ತರಿ ಸುರಿದು ಗಂಟಿಲ್ಲದೆ ತಿರುಗಿಸಿ, ಮುಚ್ಚಿ ಆರಿಸಿ, ಒದ್ದೆ ಕೈಲಿ ಉಂಡೆ ಕಟ್ಟಿ 20 ನಿಮಿಷ ಹಬೆಲಿ ಬೇಯ್ಸಿದ್ರೆ ಆಯ್ತು.

ಜೊತೆಗೆ ಬೆಲ್ಲದ ಕಾಫಿ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಸೋಸಿ ಕಲ್ಲು ಮಣ್ಣು ತೆಗೆದು, ಮತ್ತೆ ಕುದಿ ಬಂದಾಗ ಕಾಫಿ ಪುಡಿ ಹಾಕಿ ಇಳಿಸಿ ಮುಚ್ಚಿ. ಹಾಲು ಇಲ್ಲ. ಕಾಫಿ ತೋಟದಲ್ಲಿ ಕೆಲಸ ಮಾಡೋ ಮನೆಲಿ ಕಾಫಿ ಪುಡಿ ಅಂಗಡಿಯಿಂದ ಐವತ್ತು ಗ್ರಾಂ ಪೊಟ್ಟಣದಲ್ಲಿ ಬರ್ತಿತ್ತು, ಚಿಕೋರಿ ಬೆರೆಸಿದ್ದು.

ಮಳೆಗಾಲದ ಸಾಮಾನು, ಎಚ್ಚರಿಕೆ ಸಮೇತ

ಜೂನಿಂದ ಸೆಪ್ಟೆಂಬರ್ ತನಕ ದುಡ್ಡು ಕಮ್ಮಿ ಆದ್ರೆ ಹಿತ್ತಲಲ್ಲಿ ಸಾಮಾನು ಜಾಸ್ತಿ. ಆದ್ರೆ ಇದ್ರಲ್ಲಿ ಅರ್ಧಕ್ಕರ್ಧ ಸರಿಯಾಗಿ ಮಾಡದಿದ್ರೆ ತೊಂದ್ರೆ ಕೊಡೋವೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಕೆಸ ತೋಡಿನ ಬದಿ ಬೇಕಾದಷ್ಟು ಬೆಳೀತದೆ, ಎಲೆ, ದಂಟು, ಗೆಡ್ಡೆ ಮೂರೂ ಆಗ್ತದೆ. ಅದ್ರಲ್ಲಿ ಸೂಜಿ ಥರದ ಆಕ್ಸಲೇಟ್ ಹರಳು ಇರ್ತದೆ, ಗಂಟಲು ತುರಿಸೋದು ಅದಕ್ಕೇ. ಕೈ ಒಣಗಿರ್ಬೇಕು, ಎಣ್ಣೆ ಸವರಿಕೊಳ್ಳಿ, ದಂಟಿನ ನಾರು ಎಳೆದು ತೆಗೀರಿ, ಹುಣಸೆ ಹುಳಿ ಹಾಕಿ ಪೂರ್ತಿ ಕರಗೋ ಹಾಗೆ ಬೇಯ್ಸಿ. ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿ ರಸ, ಇದ್ರೆ ನಾಲ್ಕು ಹನಿ ಸಾಕು, ಆದ್ರೆ ಅದರ ರೇಟು ಈಗ ಕೇಳೋ ಹಾಗಿಲ್ಲ. ಎಲ್ಲಾ ಕೆಸನೂ ತಿನ್ನೋದಲ್ಲ, ಅಲ್ಲಿನವರು ಕೊಯ್ಯೋ ಜಾಗದಿಂದ ಮಾತ್ರ ತನ್ನಿ. ಸಾರಿಗೆ ಹಾಕಿದ ಮೇಲೂ ತುರಿಸ್ತಿದೆ ಅಂದ್ರೆ ಇನ್ನೂ ಬೇಯ್ಬೇಕು ಅಂತ.

ಕಣಿಲೆ ಹಸಿ ಯಾವತ್ತೂ ತಿನ್ಬೇಡಿ, ಅದ್ರಲ್ಲಿ ಸಯನೈಡ್ ಬಿಡೋ ಅಂಶ ಉಂಟು. ಹೊರಗಿನ ಪದರ ಎಲ್ಲ ಬಿಚ್ಚಿ ಒಳಗಿನ ಎಳೆ ಭಾಗ ತೆಳ್ಳಗೆ ಹೆಚ್ಚಿ, ನೀರಲ್ಲಿ ಎರಡು ದಿನ ನೆನೆ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಕುದಿಸಿ ಆ ನೀರೂ ಚೆಲ್ಲಿ, ಆಮೇಲೆನೇ ಅಡುಗೆ. ಈ ಒಂದೇ ನೀರು ನಾನು ಚೆಲ್ಲಿ ಅನ್ನೋದು. ಕಡಲೆಕಾಳು ಅಥವಾ ಹೆಸರುಕಾಳು ಹಾಕಿ ಸಾರು ಮಾಡಿ, ಗಂಜಿ ಜೊತೆ. ರಿಸರ್ವ್ ಫಾರೆಸ್ಟಿಗೆ ನುಗ್ಗಿ ಕಡೀಬೇಡಿ, ಕೇಸ್ ಆಗ್ತದೆ, ಆನೆನೂ ಇರ್ತದೆ. ಸೀಸನ್ನಲ್ಲಿ ರಸ್ತೆ ಬದಿಲಿ ಹೆಚ್ಚಿದ್ದೇ ಮಾರ್ತಾರೆ.

ತೆರ್ಮೆ ಸೊಪ್ಪು ಸುರುಳಿ ಬಿಚ್ಚೋಕೆ ಮುಂಚೆ ಕೊಯ್ದು, ಮೇಲಿನ ಧೂಳು ಉಜ್ಜಿ ತೊಳೆದು, ಚೆನ್ನಾಗಿ ಬೇಯ್ಸಿ ಈರುಳ್ಳಿ ಒಗ್ಗರಣೆ. ಅಣಬೆ ಬಗ್ಗೆ ನಾನು ಏನೂ ಹೇಳ್ಕೊಡೋದಿಲ್ಲ, ಬರೆದಿದ್ದನ್ನ ಓದಿ ಅಣಬೆ ಕೀಳೋಕೆ ಹೋಗ್ಬಾರ್ದು, ಗೊತ್ತಿರೋರ ಜೊತೆ ಹೋಗಿ ಅಥವಾ ಸಂತೆಲಿ ತಗೊಳ್ಳಿ. ಗದ್ದೆ ಏಡಿ ಈಗ ಕಮ್ಮಿ ಆಗಿದೆ, ಔಷಧಿ ಹೊಡೆದ ಗದ್ದೆದಾದ್ರೆ ಬೇಡವೇ ಬೇಡ.

ಹಲಸಿನ ಬೀಜ ಮಾತ್ರ ಮೊದಲೇ ಕೂಡಿಡೋ ಸಾಮಾನು. ಮೇ ತಿಂಗಳಲ್ಲಿ ಹಣ್ಣು ತಿಂದಾಗ ಬೀಜ ತೊಳೆದು ನೆರಳಲ್ಲಿ ಆರಿಸಿ, ಕೆಮ್ಮಣ್ಣು ಕಲಸಿ ಬೀಜಕ್ಕೆ ಮೆತ್ತಿ ಒಣಗಿಸಿ ಮೂಲೆಲಿ ರಾಶಿ ಹಾಕಿದ್ರೆ ಮಳೆಗಾಲ ದಾಟ್ತದೆ. ಒಣ ಮರಳಲ್ಲಿ ಹೂತಿಟ್ರೂ ಆಗ್ತದೆ. ಬೇಕಾದಾಗ ಮಣ್ಣು ತೊಳೆದು, ಜಜ್ಜಿ ಬಿಳಿ ಸಿಪ್ಪೆ ತೆಗೆದು, ಕಂದು ಸಿಪ್ಪೆ ಇದ್ರೂ ಪರವಾಗಿಲ್ಲ, 20–25 ನಿಮಿಷ ಬೇಯ್ಸಿ ಸಾರಿಗೆ. ಹಣ್ಣು ಮರದಲ್ಲೇ ಬಿಟ್ರೆ ವಾಸನೆಗೆ ಆನೆ ತೋಟದೊಳಗೆ ಬರ್ತದೆ, ಸಿದ್ದಾಪುರ ಕಡೆ ಇದು ಕಥೆ ಅಲ್ಲ, ದಿನಾ ನಡೆಯೋದು, ಹಾಗಾಗಿ ಬಲಿತ ಕೂಡ್ಲೇ ಇಳಿಸಿಬಿಡಿ, ಸಂಜೆ ಮೇಲೆ ಮರದ ಹತ್ರ ಹೋಗ್ಬೇಡಿ.

ಇನ್ನೊಂದು ಮಾತು, ಇದೆಲ್ಲ ಆರೋಗ್ಯಕ್ಕೆ ಬಹಳ ಒಳ್ಳೇದು ಅಂತ ಈಗ ಹೇಳ್ತಾರಲ್ಲ, ಪೂರ್ತಿ ನಿಜ ಅಲ್ಲ. ಸೊಪ್ಪು ಕಾಳು ಸರಿ, ಆದ್ರೆ ಎಣ್ಣೆ ಇಲ್ಲ, ಹಾಲಿಲ್ಲ, ಮೊಟ್ಟೆ ಹಬ್ಬಕ್ಕೆ, ಬೇಳೆ ಅಪರೂಪ. ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸೀಕಲು ಕೆರ್ಕೊಂಡು ಸಾರಿನ ಜೊತೆ ತಿಂತಿದ್ಳು, ಅದು ಡಯಟ್ ಅಲ್ಲ. ಈಗ ಮಾಡೋರು ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ ಸೇರಿಸಿ, ಪಲ್ಯಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕಿ, ಬಡಿಸೋರು ಜೊತೆಲೇ ಕೂತು ಉಣ್ಣಿ.

ವರ್ಷಕ್ಕೊಂದು ಸಲದ ಪಾಯಸ

ಕೊಡವರ ಲೆಕ್ಕದ ಕಕ್ಕಡ ತಿಂಗಳ 18, ಅಂದ್ರೆ ಆಗಸ್ಟ್ 3ಕ್ಕೆ ಕೊಡಗಲ್ಲಿ ಮದ್ದು ಸೊಪ್ಪಿನ ಪಾಯಸ. ಆವತ್ತು ಆ ಸೊಪ್ಪಲ್ಲಿ ಹದಿನೆಂಟು ಥರ ಔಷಧಿ ಸೇರಿರ್ತದೆ ಅಂತ ನಂಬಿಕೆ. ದುಡ್ಡು ಕೊಡದೆ ಸಿಗೋ ಹಬ್ಬ ಅಂತ ನಮ್ಮ ಲೈನಲ್ಲಿ ಎಲ್ಲ ಮನೆಲೂ ಮಾಡ್ತಿದ್ರು, ಸೊಪ್ಪು ಬೇಲಿ ಬದಿಲೇ ಇರ್ತದೆ. ಎಲೆ ದಂಟು ಸಮೇತ ಎರಡು ಹಿಡಿ ತೊಳೆದು ಒಂದೂವರೆ ಲೀಟರ್ ನೀರಲ್ಲಿ ಕುದಿಸಿ, ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿ ಘಮ ಬಂದ ಮೇಲೆ ಸೋಸಿ. ಆ ನೀರಲ್ಲೇ 1 ಲೋಟ ಅಕ್ಕಿ ಮೆತ್ತಗೆ ಬೇಯ್ಸಿ, ಮುಕ್ಕಾಲು ಲೋಟ ಬೆಲ್ಲ ಹಾಕಿ ಕರಗಿಸಿ, ಚಿಟಿಕೆ ಉಪ್ಪು, ಕೊನೆಗೆ ಕಾಯಿತುರಿ. ನಾಲ್ಕು ದಿನ ಎಳೆಯೋ ಕಾಯಿ ಆವತ್ತು ಒಂದೇ ದಿನಕ್ಕೆ ಖಾಲಿ. ಬಟ್ಟೆ ಮೇಲೆ ಬಿದ್ರೆ ಕಲೆ ಹೋಗೋದಿಲ್ಲ, ಮಕ್ಕಳಿಗೆ ಹಳೇ ಅಂಗಿ ಹಾಕಿ ಕೂರ್ಸಿ. ಮತ್ತೆ ಮಾರನೇ ದಿನ ಮೂತ್ರ ಕೆಂಪಗೆ ಹೋಗ್ತದೆ, ಅದು ಪಾಯಸದ ಬಣ್ಣ, ಹೊರಗಿನಿಂದ ಬಂದ ನೆಂಟರಿಗೆ ಬಡಿಸೋ ಮುಂಚೆನೇ ಇದನ್ನ ಹೇಳ್ಬಿಡಿ, ಇಲ್ದಿದ್ರೆ ಬೆಳಗ್ಗೆ ಆಸ್ಪತ್ರೆಗೆ ಆಟೋ ಕರೀತಾರೆ.